ಹಿಂಡಿ ಬ್ಯಾಡ ಅಂದವರಿಗೆ ಬಾಗಿಲಿಲ್ಲ

ನನಗೆ ಎರಡು ವಿದ್ಯೆಗಳು ಬರುತ್ತವೆ. ಒಂದು, ಯಾರ ದನಿಯನ್ನಾದರೂ ತೆಗೆದು ಮಾತಾಡುವುದು. ಎರಡು, ಕಂಪ್ಯೂಟರಿಗೆ ಕೋಡು ಬರೆಯುವುದು. ಮೊದಲನೆಯದನ್ನು ರೋಣದ ಮಂದಿ ಹೊಗಳುತ್ತಾರೆ. ಎರಡನೆಯದನ್ನು ನಾನೇ ಹೊಗಳಿಕೊಳ್ಳಬೇಕು. ಅದರಲ್ಲಿ ನಾನು ಎಂದೂ ಸಂಕೋಚ ಮಾಡಿಕೊಂಡವನಲ್ಲ. ಇವೆರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಿದ್ದರೆ, ಇವತ್ತು ಗಜೇಂದ್ರಗಡದ ಬಸ್ಸು ಕಂಡ ಕೂಡಲೇ ನಾನು ಹೊಟ್ಟೆ ಹಿಡಿದುಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ.

ನನ್ನ ಚಿಗವ್ವ ನೀಲವ್ವ, ಎಂದರೆ ನನ್ನ ಅವ್ವನ ತಂಗಿ, ರೋಣದಲ್ಲಿ ಖಡಕ್ ರೊಟ್ಟಿ ಮಾಡಿಸಿ ಮಾರುತ್ತಾಳೆ. ಓಣಿಯ ಹೆಣ್ಣುಮಕ್ಕಳು ಅವಳ ಅಡುಗೆಮನೆಯಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಜೊತೆಗೆ ಶೇಂಗಾ ಹಿಂಡಿ. ಹುರಿದ ಶೇಂಗಾ, ಬಳ್ಳೊಳ್ಳಿ, ಕೆಂಪು ಖಾರ ಹಾಕಿ ಒರಳಿನಲ್ಲಿ ಕುಟ್ಟಿದ ಆ ಪುಡಿಯನ್ನು ರೊಟ್ಟಿಯ ಮೇಲೆ ಉದುರಿಸಿ ಎಣ್ಣೆ ಬಿಟ್ಟರೆ, ಊಟ ಮುಗಿದ ಮೇಲೂ ಊಟ ಮಾಡಬೇಕೆನಿಸುತ್ತದೆ. ಅಡುಗೆಮನೆ ಮಾತ್ರ ಸಣ್ಣದು. ಒಬ್ಬರು ಎದ್ದರೆ ಇನ್ನೊಬ್ಬರು ಕೈ ಚಾಚಬಹುದು. ಅದಕ್ಕೇ ಚಿಗವ್ವನ ಕಣ್ಣು ಎಣ್ಣೆ ಗಾಣದ ಹಿಂದೆ ಖಾಲಿ ಬಿದ್ದಿದ್ದ ಶೆಡ್ಡಿನ ಮೇಲಿತ್ತು. ನೋಡಿಕೊಂಡು ಹೇಳುತ್ತೇನೆಂದು ಅದರ ಕೀಲಿಯನ್ನೂ ಇಸಿದುಕೊಂಡು ಬಂದಿದ್ದಳು. ಹೆಣ್ಣುಮಕ್ಕಳು ಹೋಗಿ ಕಸ ಹೊಡೆದು, ಯಾರು ಎಲ್ಲಿ ಕೂಡ್ರಬೇಕು ಎಂದು ಜಗಳವನ್ನೂ ಆಡಿ ಬಂದಿದ್ದರು.

ಶೆಡ್ಡು ಹಿಡಿಯಲು ಧೈರ್ಯ ಕೊಡುವಂಥ ಒಂದು ದೊಡ್ಡ ಆರ್ಡರು ಬೇಕಿತ್ತು. ಅದು ಗಜೇಂದ್ರಗಡದಲ್ಲಿತ್ತು. ಅಲ್ಲಿನ ಬಟ್ಟೆ ವ್ಯಾಪಾರದ ಮನೆತನದ ಗಂಗಾಬಾಯಿ ಎಂಬ ಹಿರಿಯರು ಹೊಸ ಮನೆಯ ವಾಸ್ತುಶಾಂತಿಗೆ ಸಾವಿರ ರೊಟ್ಟಿ ಬೇಕೆಂದಿದ್ದರು. ಅವರಿಗೆ ರುಚಿಸಿದರೆ ಪ್ಯಾಟಿಯ ಅಷ್ಟೂ ಮನೆಗಳು ನಮ್ಮವೇ. ಆರ್ಡರು ಬಂದರೆ ಶೆಡ್ಡು. ಬರದಿದ್ದರೆ ಅದೇ ಅಡುಗೆಮನೆ, ಅದೇ ಮೊಣಕೈ.

ತೊಂದರೆ ಎಲ್ಲಿತ್ತೆಂದರೆ, ಚಿಗವ್ವ ಆರ್ಡರು ತೆಗೆದುಕೊಳ್ಳುವುದು ಫೋನಿನಲ್ಲಿ. ಅವಳ ಫೋನು ಹೀಗಿರುತ್ತದೆ: "ಹಲೋ, ಆರಾಮ ಅದೀರಿ? ಮಗಳ ಹಡದಳೇನ್ರಿ? ಯಾರ ಗತೆ ಐತಿ ಕೂಸು? ಎಮ್ಮಿ ಹಾಲ ಕೊಡತೈತಿ? ಆತು, ಕಳಸತೀನಿ." ಎಷ್ಟು ಕಳಿಸಬೇಕು ಎಂಬ ಪ್ರಶ್ನೆ ಎಮ್ಮೆಯ ಕೆಳಗೆ ಸಿಕ್ಕು ಅಪ್ಪಚ್ಚಿಯಾಗಿರುತ್ತದೆ. ಹಿಂದೊಮ್ಮೆ ಬೆಳವಣಕಿಗೆ ಹೋಗಬೇಕಾದ ರೊಟ್ಟಿ ಶಿರೋಳಕ್ಕೆ ಹೋಯಿತು. ಶಿರೋಳದ್ದು ಹೊಳೆಆಲೂರು ಸ್ಟೇಶನ್ನಿಗೆ ಹೋಗಿ, ಅಲ್ಲಿಂದ ಯಾರದೋ ಹೊಟ್ಟೆಯಲ್ಲಿ ರೈಲು ಹತ್ತಿತು.

ನಾನು, ಎಂದರೆ ಶರಣು, ಮುಂದೆ ಬಂದೆ. ಯಾರೂ ಕರೆದಿರಲಿಲ್ಲ.

"ಚಿಗವ್ವಾ, ಇನ್ನ ಫೋನ್ ಸಾಕು. ನಾ ಸರ್ವರ್ ಮಾಡಿಕೊಡತೀನಿ. ಮಂದಿ ತಮ್ಮ ಫೋನಿನ್ಯಾಗ ಆರ್ಡರ್ ತುಂಬಿ ಕಳಸತಾರ. ತಪ್ಪ ತುಂಬಿದ್ರ ಬಾಗಲದಾಗಽ ತಡೀತೈತಿ."

"ಯಾರ ತಡೀತಾರ?"

"ಮಿಡ್ಲ್‌ವೇರ್."

"ಅಂವ ಯಾರ ಪೈಕಿ?"

"ಅಂವ ಮನಷ್ಯಾ ಅಲ್ಲ ಬೇ, ಕೋಡು. ಬಾಗಲದಾಗ ನಿಂದರತೈತಿ. ಹೆಸರ ಏನು, ಯಾವೂರು, ಎಷ್ಟ ರೊಟ್ಟಿ, ಎಲ್ಲಾ ಕೇಳತೈತಿ. ಸರಿ ಇದ್ರ ಒಳಗ, ಇಲ್ಲಂದ್ರ ಹೊರಗ."

"ಅದನ್ನ ಕಟ್ಟಿ ಮ್ಯಾಲೆ ಕುಂಡ್ರೂ ಬಸಮ್ಮ ಪುಕ್ಕಟ ಮಾಡತಾಳಲ್ಲೋ!"

ಅಜ್ಞಾನವನ್ನು ಕ್ಷಮಿಸಿ ನಾನು ಕೆಲಸಕ್ಕೆ ಕೂತೆ. ಸರ್ವರ್ ಬರೆಯಲು ಗೋ ಎಂಬ ಭಾಷೆಯನ್ನು ಆರಿಸಿಕೊಂಡೆ. ಚೊಕ್ಕ ಭಾಷೆ, ಮಾತು ಕಡಿಮೆ, ನಮ್ಮ ಓಣಿಗೆ ಪೂರ್ತಿ ವಿರುದ್ಧ. ನನ್ನ ಆಸೆ ಬರೀ ರೊಟ್ಟಿಯದಾಗಿರಲಿಲ್ಲ. ಈ ತಪಾಸಣೆಯ ಕೋಡನ್ನು ಒಮ್ಮೆ ಬರೆದರೆ ಸಾಕು, ಮುಂದೆ ಟ್ರ್ಯಾಕ್ಟರ್ ಬಾಡಿಗೆಗೂ ಅದೇ, ಸೀರೆ ಅಂಗಡಿಗೂ ಅದೇ. ಯಾವ ಬಾಗಿಲಿಗೆ ತಂದು ನಿಲ್ಲಿಸಿದರೂ ದುಡಿಯಬೇಕು. ಇದಕ್ಕೆ ನಮ್ಮ ಧಂದೆಯಲ್ಲಿ ಮರುಬಳಕೆ ಎನ್ನುತ್ತಾರೆ. ನಿನ್ನೆಯ ರೊಟ್ಟಿ ಮುರಿದು ಇವತ್ತು ಒಗ್ಗರಣೆ ಹಾಕುವುದಕ್ಕೆ ಚಿಗವ್ವ ಎಂದೂ ಇಷ್ಟು ದೊಡ್ಡ ಹೆಸರು ಇಟ್ಟಿರಲಿಲ್ಲ.

ಮೊದಲ ಪರೀಕ್ಷೆಗೆ ನರಗುಂದದ ಈರಣ್ಣನನ್ನು ಹಿಡಿದೆ. ನನ್ನ ಗೆಳೆಯ, ಶಾಮಿಯಾನ, ಕುರ್ಚಿ, ಮೈಕು ಬಾಡಿಗೆ ಕೊಡುತ್ತಾನೆ. ದಿನವೂ ಮೈಕು ಪರೀಕ್ಷೆ ಮಾಡಿ ಮಾಡಿ, ಎದುರಿಗೆ ನಿಂತವರ ಜೊತೆಗೂ "ಹಲೋ, ಹಲೋ" ಎಂದೇ ಮಾತು ಶುರು ಮಾಡುತ್ತಾನೆ. ಅವನು ಹೆಸರು, ಊರು, ರೊಟ್ಟಿಯ ಲೆಕ್ಕ ಎಲ್ಲ ತುಂಬಿ ಕಳಿಸಿದ. "ಎಲ್ಲವೂ ಸರಿಯಾಗಿದೆ, ಆರ್ಡರ್ ಸ್ವೀಕರಿಸಲಾಗಿದೆ" ಎಂದು ಅವನಿಗೆ ಉತ್ತರ ಹೋಯಿತು. ನಾನು ಚಿಗವ್ವನ ಮುಂದೆ ಪರದೆ ಹಿಡಿದೆ.

ಚಿಗವ್ವ ಕನ್ನಡಕ ಏರಿಸಿ ನೋಡಿದಳು. "ಹೆಸರಿಲ್ಲ, ಊರಿಲ್ಲ, ಸೊನ್ನಿ ರೊಟ್ಟಿ ಬೇಕಂತ. ಶರಣು, ದೇವರಽ ಆರ್ಡರ್ ಕೊಟ್ಟಾನೇನೋ ನೋಡು!"

ಆದದ್ದು ಇಷ್ಟೇ. ಗೋ ಭಾಷೆಯಲ್ಲಿ ಬಂದ ವಿನಂತಿಯ ಒಡಲನ್ನು, ಎಂದರೆ ಗಿರಾಕಿ ತುಂಬಿ ಕಳಿಸಿದ್ದನ್ನು, ಒಂದೇ ಸಲ ಓದಬಹುದು. ನನ್ನ ಮಿಡ್ಲ್‌ವೇರ್ ಬಾಗಿಲಲ್ಲಿ ಬುತ್ತಿ ಗಂಟು ಬಿಚ್ಚಿ, ಸರಿ ಇದೆಯೇ ಎಂದು ನೋಡಿ, ನೋಡುವ ಭರದಲ್ಲಿ ಪೂರ್ತಿ ತಿಂದು, ಖಾಲಿ ಅರಿವೆಯನ್ನು ಒಳಗೆ ಕಳಿಸುತ್ತಿತ್ತು. ಜೊತೆಗೆ ಒಂದು ವರದಿ: ಬುತ್ತಿ ಚಲೋ ಇತ್ತು!

ಓದಿದ್ದನ್ನು ಎತ್ತಿಟ್ಟು ಒಳಗೆ ದಾಟಿಸುವಂತೆ ತಿದ್ದಿದೆ. ಆಮೇಲೆ ಆ ಒಡಲನ್ನು ಮುಟ್ಟಲು ನನಗೇ ಹೆದರಿಕೆಯಾಗಿ, ಲಾಗಿನಲ್ಲಿ, ಎಂದರೆ ಮಷೀನಿನ ದಿನಚರಿಯಲ್ಲಿ, ಬರೀ ಯಾವ ತಪ್ಪಿಗೆ ಯಾರನ್ನು ತಡೆಯಲಾಯಿತು ಎಂಬುದಷ್ಟನ್ನು ದಾಖಲಿಸಿದೆ. ಅವರು ಏನು ತುಂಬಿದ್ದರು ಎಂಬುದನ್ನಲ್ಲ. ಈ ವಾಕ್ಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಮುಂದಿನ ತಕರಾರು ತಪ್ಪು ತುಂಬಿದವರಿಗೆ ಹೋಗುವ ಸಂದೇಶದ್ದು. ನಾನು "ಅಮಾನ್ಯ ವಿನಂತಿ. ಈ ಅಂಕಣ ಕಡ್ಡಾಯ" ಎಂದು ಬರೆದಿದ್ದೆ.

"ಇದ ಯಾರ ಮಾತು? ಸರಕಾರಿ ಆಫೀಸಿನ ಗ್ವಾಡಿ ಮಾತಾಡಿದಂಗ ಐತಿ," ಎಂದಳು ಚಿಗವ್ವ. "ನಮ್ಮ ಗಿರಾಕಿಗೆ ನಮ್ಮಂಗ ಹೇಳು."

ನನ್ನ ಮೊದಲನೆಯ ವಿದ್ಯೆ ಡಬ್ಬಿಯ ಮುಚ್ಚಳ ತೆಗೆದು ಹೊರಗೆ ಬಂತು. ಅಷ್ಟೂ ಸಂದೇಶಗಳನ್ನು ಚಿಗವ್ವನ ದನಿಯಲ್ಲಿ ಬರೆದೆ. ಹೆಸರು ತುಂಬದಿದ್ದರೆ: "ತೊಟ್ಟಲಾಗ ಹಾಕಿದಾಗ ಏನಂತ ಕರದ್ರೋ ಅದನ್ನಽ ಬರೀರಿ!" ಊರು ತುಂಬದಿದ್ದರೆ: "ರೊಟ್ಟಿಗೇನು ರೆಕ್ಕಿ ಅದಾವ? ಎಲ್ಲಿಗೆ ಅಂತ ಹಾರಲಿ?" ಲೆಕ್ಕ ತುಂಬದಿದ್ದರೆ: "ಎಷ್ಟ ಅಂತ ನಾ ಕನಸ ಕಾಣಲೇನ್ರಿ?" ಹಿಂಡಿಗೆ ಬೇಕು, ಬ್ಯಾಡ ಎಂಬ ಎರಡು ಗುಂಡಿ ಇಟ್ಟಿದ್ದೆ. ಎರಡರಲ್ಲಿ ಯಾವುದನ್ನೂ ಒತ್ತದಿದ್ದರೆ: "ಹಿಂಡಿ ಕೇಳಿದ್ರ ಸುಮ್ಮನ ಕೂತೀರಲ್ಲ! ಬಾಯಾಗ ಕಡಬ ಇಟಗೊಂಡೀರೇನು? ಬಾಯಿ ಬಿಟ್ಟ ಹೇಳ್ರಿ!"

ಇದು ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಬೈಸಿಕೊಳ್ಳುವುದಕ್ಕೆಂದೇ ಮಂದಿ ಹೆಸರು ಖಾಲಿ ಬಿಟ್ಟು ಕಳಿಸತೊಡಗಿದರು. ಆ ಬೈಗುಳದ ಚಿತ್ರವನ್ನು ವಾಟ್ಸಾಪಿನಲ್ಲಿ ಬೀಗರಿಗೆಲ್ಲ ಹಂಚಿದರು.

ಹಿಂಡಿಯ ಪರೀಕ್ಷೆಯನ್ನು ಶಾಸ್ತ್ರೋಕ್ತವಾಗಿ ಅಡುಗೆಮನೆಯಲ್ಲೇ ಮಾಡಿದೆ. ರೊಟ್ಟಿ ಬಡಿಯುವ ರತ್ನಕ್ಕನಿಗೆ ಫೋನು ಕೊಟ್ಟು "‘ಬ್ಯಾಡ’ ಒತ್ತಿ ನೋಡಕ್ಕಾ" ಎಂದೆ. ಹಿಟ್ಟಿನ ಬೆರಳಿನಲ್ಲಿ ಒತ್ತಿದಳು. ಪರದೆಯ ಮೇಲೆ ಬಂತು: "ಬಾಯಾಗ ಕಡಬ ಇಟಗೊಂಡೀರೇನು? ಬಾಯಿ ಬಿಟ್ಟ ಹೇಳ್ರಿ!"

ಅಡುಗೆಮನೆ ಬಿದ್ದು ಬಿದ್ದು ನಕ್ಕಿತು.

"ಥೇಟ್ ನೀಲಕ್ಕ! ಬ್ಯಾಡ ಅಂದ್ರ ಬಿಡೂದಽ ಇಲ್ಲ ನೋಡು ಮಷೀನು!" ಎಂದು ರತ್ನಕ್ಕ ತಾನಾಗಿಯೇ "ಬೇಕು" ಒತ್ತಿದಳು. ಆರ್ಡರು ದಾಟಿತು.

ಪರೀಕ್ಷೆ ಉತ್ತೀರ್ಣ ಎಂದು ನಾನು ಬರೆದುಕೊಂಡೆ.

ಬೇರೆ ಊರಿನವರು ಇಲ್ಲಿ ನಿಂತು ಯೋಚಿಸುತ್ತಿದ್ದರು. ಬ್ಯಾಡ ಎಂದು ಒತ್ತಿದರೆ ಏನೂ ಒತ್ತಿಲ್ಲ ಎಂದು ಮಷೀನು ಯಾಕೆ ಅಂದಿತು ಎಂದು ಕೇಳುತ್ತಿದ್ದರು. ಆದರೆ ನಮ್ಮ ಕಡೆ ಊಟಕ್ಕೆ ಕೂತವರ ಮೊದಲ "ಬ್ಯಾಡ" ಗಂಟಲು ಸರಿಮಾಡಿಕೊಳ್ಳುವ ಶಬ್ದ. ಎರಡನೆಯದು ಮರ್ಯಾದೆ. ಮೂರನೆಯದನ್ನು ಹೇಳುವ ಹೊತ್ತಿಗೆ ತಾಟಿನಲ್ಲಿ ಬಿದ್ದಿರುತ್ತದೆ. ಇಂಥ ಮನೆಯಲ್ಲಿ "ಬ್ಯಾಡ"ವನ್ನು ಕಿವಿಗೆ ಹಾಕಿಕೊಳ್ಳದ ಮಷೀನು ಕೆಟ್ಟಿದೆ ಎಂದು ಯಾರಿಗಾದರೂ ಹೇಗೆ ಅನ್ನಿಸಬೇಕು? ಸಂಸ್ಕಾರ ಕಲಿತಿದೆ ಎನ್ನಿಸಿತು.

ಮುಂದೆ ಆರ್ಡರುಗಳು ಬಂದವು. ಬಂದವರೆಲ್ಲ ಹಿಂಡಿ ಕೇಳಿದ್ದರು! ಚಿಗವ್ವ ಹಿಗ್ಗಿದಳು. "ನಿನ್ನ ಮಷೀನಿನ ಕೈಗುಣ ಚಲೋ ಐತಿ ತಮ್ಮಾ." ಒರಳಿನ ಮುಂದೆ ಕುಟ್ಟುತ್ತಿದ್ದ ರತ್ನಕ್ಕನ ಅಭಿಪ್ರಾಯ ಬೇರೆ ಇತ್ತು. "ಮಷೀನಿಗೆ ಕೈ ಎಲ್ಲಿ ಅದಾವ ಬೇ, ಇದ್ದಿದ್ರ ಕುಟ್ಟಾಕ ಹಚ್ಚತಿದ್ದೆ," ಎಂದಳು. ನಾನು ಗೆದ್ದ ಹುರುಪಿನಲ್ಲಿ ಅದೇ ಮಿಡ್ಲ್‌ವೇರನ್ನು ಎತ್ತಿ ಈರಣ್ಣನ ಶಾಮಿಯಾನ ಬುಕಿಂಗಿಗೂ ತಗುಲಿಸಿದೆ. ರೊಟ್ಟಿಯ ಜಾಗದಲ್ಲಿ ಕುರ್ಚಿ, ಹಿಂಡಿಯ ಜಾಗದಲ್ಲಿ ಮೈಕು. ಸಂದೇಶಗಳು ಈರಣ್ಣನ ದನಿಯಲ್ಲಿ: "ಹಲೋ, ಹಲೋ... ಮೈಕಿನ ಬಗ್ಗೆ ಹೇಳ್ರಿ, ನಿಮ್ಮ ದನಿ ಬರವಲ್ದು!" ತಗುಲಿಸಲು ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ಮರುಬಳಕೆ ಎಂದರೆ ಇದು ಎಂದು ಈರಣ್ಣನಿಗೆ ಭಾಷಣ ಮಾಡಲು ಮಾತ್ರ ಎರಡು ಚಹಾ ಬೇಕಾದವು.

ಗಂಗಾಬಾಯಿಯವರಿಗೆ ಲಿಂಕು ಹೋಗುವ ದಿನ ಬಂತು. "ಯಾರಿಗೂ ಹೇಳೂದು ಕೇಳೂದು ಬ್ಯಾಡ್ರಿ, ನನ್ನ ಫೋನ್ ನಾನಽ ನಡಸತೀನಿ" ಎಂದಿದ್ದರು. ಮುಂಜಾನೆ ನಾನು ಲಾಗು ತೆಗೆದು ಕೂತೆ. ಗಜೇಂದ್ರಗಡದಿಂದ ವಿನಂತಿ ಬಂತು. ತಡೆಯಲಾಯಿತು, ಕಾರಣ, ಹಿಂಡಿ ತುಂಬಿಲ್ಲ. ಮತ್ತೆ ಬಂತು. ಮತ್ತೆ ಹಿಂಡಿ ತುಂಬಿಲ್ಲ. ಮತ್ತೆ, ಮತ್ತೆ. ಹಿರಿಯರು, ಕಣ್ಣು ಮಂಜು ಇರಬೇಕು, ಗುಂಡಿ ಕಾಣುತ್ತಿಲ್ಲ ಪಾಪ ಎಂದು ನಾನು ಮರುಗಿದೆ. ಅವರು ಏನು ತುಂಬಿದ್ದರು ಎಂದು ನೋಡೋಣವೆಂದರೆ, ಅದನ್ನು ದಾಖಲಿಸುವುದನ್ನೇ ನಾನು ಬಿಟ್ಟಿದ್ದೆನಲ್ಲ!

ಚಿಗವ್ವ ಜೋಳದ ಚೀಲದೊಂದಿಗೆ ಗಿರಣಿಗೆ ಹೊರಟವಳು ತನ್ನ ಫೋನನ್ನು ನನ್ನ ಕೈಗಿಟ್ಟಳು. "ಗಂಗಾಬಾಯಾರ ಫೋನ್ ಬಂದ್ರ ಓಡಿ ಬಂದ ನನ್ನ ಕರಿ. ನೀ ಬಾಯಿ ತಗೀಬ್ಯಾಡ."

ಅವಳು ಓಣಿ ದಾಟಿದಳು. ಫೋನು ಬಂತು. ನಾನು ಬಾಯಿ ತೆಗೆದೆ. ಅದೂ ನನ್ನ ಬಾಯಲ್ಲ.

"ನೀಲವ್ವಾರಽ ಏನ್ರಿ?"

"ಹೌದ್ರಿ ಅಮ್ಮಾರ, ನಾನಽ ರಿ," ಎಂದೆ, ಚಿಗವ್ವನ ದನಿಯಲ್ಲಿ.

"ಅಲ್ರಿ, ನಿಮ್ಮ ಮಷೀನು ಮುಂಜಾನಿಂದ ನನಗ ಬಾಯಿ ಬಿಡು, ಬಾಯಿ ಬಿಡು ಅನ್ನಾಕತ್ತೈತಿ. ಹಲ್ಲಿನ ಡಾಕ್ಟರ್ ಸುದ್ದಾ ಇಷ್ಟ ಸಲ ಅಂದಿಲ್ಲ."

"ಹಿಂಡೀದ ಒತ್ತೀರೇನ್ರಿ ಅಮ್ಮಾರ?"

"ಒತ್ತೇನಲ್ಲ! ಬ್ಯಾಡ ಅಂತ ಒತ್ತಿ ಒತ್ತಿ ಬೆರಳ ಸವದೈತಿ."

ಈ ಕ್ಷಣದಲ್ಲಿ ನನ್ನೊಳಗಿನ ಕೋಡು ಬರೆಯುವವನು ಎಚ್ಚರಾಗಬೇಕಿತ್ತು. ಆದರೆ ನಾನು ಆಗ ಚಿಗವ್ವ ಆಗಿದ್ದೆ. ಚಿಗವ್ವನ ದನಿ ತೆಗೆದರೆ ಅದರ ಹಿಂದೆ ಚಿಗವ್ವನ ಬುದ್ಧಿಯೂ ಬಂದು ಕೂಡುತ್ತದೆ. ಆ ದನಿಯ ಮುಂದೆ ಯಾರಾದರೂ "ಬ್ಯಾಡ" ಅಂದರೆ ಅದಕ್ಕೆ ಸುಮ್ಮನಿರಲು ಬರುವುದಿಲ್ಲ.

"ಬ್ಯಾಡ ಅಂದ್ರ ಹ್ಯಾಂಗ್ರಿ ಅಮ್ಮಾರ? ನಮ್ಮ ಹಿಂಡಿ ಒಮ್ಮೆರ ತಿಂದ ನೋಡೀರೇನು? ಒಂಚೂರು ತಗೋರಿ."

"ನಮ್ಮ ಮನಿಯಾಗ ಬಳ್ಳೊಳ್ಳಿ ನಡಿಯೂದಿಲ್ರಿ."

"ಒಂಚೂರಿಗೆ ಏನ ಆಗತೈತ್ರಿ?"

ಗಜೇಂದ್ರಗಡದಲ್ಲಿ ಅವರ ಮನೆಯ ಗಡಿಯಾರ ಟಿಕ್ ಟಿಕ್ ಅನ್ನುವುದು ರೋಣದಲ್ಲಿ ಕೇಳಿಸಿತು.

"ನೀಲವ್ವಾರ, ವಾಸ್ತುಶಾಂತಿ ನಮ್ಮ ಮನೀದು. ಅಲ್ಲಿ ಏನ ಬೇಕು ಏನ ಬ್ಯಾಡ ಅನ್ನೂದನ್ನ ನೀವು, ನಿಮ್ಮ ಮಷೀನು ಕೂಡಿ ಠರಾಸೂದಾದ್ರ, ಪೂಜಾಕ್ಕೂ ನೀವಽ ಕೂಡ್ರಿ. ನಾ ರೊಟ್ಟಿ ಬ್ಯಾರೆ ಕಡೆ ಹೇಳತೀನಿ."

ಫೋನು ಕಟ್ಟಾಯಿತು.

ಚಿಗವ್ವ ಹುಬ್ಬಿನ ಮೇಲೆಲ್ಲ ಹಿಟ್ಟು ಹೊತ್ತುಕೊಂಡು ಬಂದಳು. "ಗಜೇಂದ್ರಗಡದ ಫೋನ್ ಬಂದಿತ್ತೇನು?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಯಾರ ದನಿಯಲ್ಲಿ ಮಾತಾಡಿದೆ ಎಂಬುದನ್ನೂ ಹೇಳಿದೆ. ಅವಳು ಬೈಯಲಿಲ್ಲ. ಚಿಗವ್ವನ ಬೈಗುಳವನ್ನು ನಾನು ಮಕ್ಕಿಕಾಮಕ್ಕಿ ತೆಗೆಯಬಲ್ಲೆ. ಅವಳು ಬೈಯದೆ ನಿಂತದ್ದನ್ನು ಇವತ್ತಿಗೂ ತೆಗೆಯಲು ಬಂದಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಮೊಳೆಗೆ ತೂಗುಹಾಕಿದ್ದ ಶೆಡ್ಡಿನ ಕೀಲಿಯನ್ನು ಕೈಗೆ ತೆಗೆದುಕೊಂಡಳು.

"ನಾಳೆ ಇದನ್ನ ತಿರುಗಿ ಕೊಟ್ಟ ಬರತೀನಿ. ರತ್ನಾ, ಅಲ್ಲಿ ಇಟ್ಟ ಬಂದ ಬುಟ್ಟಿ ತರಾಕ ಹೇಳಬೇ ಅವರಿಗೆ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ನಾನು ಹೊರಗೆ ಕಟ್ಟೆಯ ಮೇಲೆ ಬಂದು ಕೂತೆ. ಅಲ್ಲಿಗೆ ನರಗುಂದದ ಫೋನು ಬಂತು.

"ಹಲೋ, ಹಲೋ! ಶರಣ್ಯಾ, ಸತ್ತವರ ದಿವಸದ ಊಟಕ್ಕ ಯಾರರ ಮೈಕ್ ಹಚ್ಚತಾರೇನಲೇ?"

"ಇಲ್ಲಲೇ. ಯಾಕ?"

"ಮತ್ತ ಹಚ್ಚೇವಿ! ಮುದುಕಪ್ಪ ತೀರಿಕೊಂಡ ಮನಿಯವರು, ಮೈಕ್ ಬ್ಯಾಡ ಅಂತ ಒತ್ತಿದ್ರ ನಿನ್ನ ಮಷೀನು ‘ದನಿ ಬರವಲ್ದು’ ಅಂತೈತಿ. ಮತ್ತ ಒತ್ಯಾರ. ಮತ್ತ ‘ದನಿ ಬರವಲ್ದು’! ಬ್ಯಾಸತ್ತು ‘ಬೇಕು’ ಒತ್ಯಾರ. ನಮ್ಮ ಕೆಲಸದಾಂವ ಹೋಗಿ ದುಃಖದ ಮನಿ ಮುಂದ ಕರ್ಣಿ ಸ್ಪೀಕರ್ ಕಟ್ಟಿ ಹಲೋ ಹಲೋ ಅಂದಾನ. ಅವರು ಬಂದು ಅವನನ್ನ ಬೈದಾರ. ಮೈಕ್ ಚಾಲೂ ಇತ್ತಲೇ! ಆ ಬೈಗುಳ ಅರ್ಧ ನರಗುಂದ ಕೇಳೈತಿ. ನನ್ನ ಹೆಸರು, ನಮ್ಮಪ್ಪನ ಹೆಸರು, ಎಲ್ಲಾ ಬಂದಾವ. ದನಿ ಮಾತ್ರ ಭಾಳ ಚಲೋ ಬಂದೈತಿ."

ಗಜೇಂದ್ರಗಡದಲ್ಲಿ ಹಿಂಡಿ ಬ್ಯಾಡ. ನರಗುಂದದಲ್ಲಿ ಮೈಕು ಬ್ಯಾಡ. ಆಗ ನನಗೆ ತಲೆಯಲ್ಲಿ ಬೆಳಕಾಯಿತು.

ಗೋ ಭಾಷೆಯಲ್ಲಿ ಹೌದು-ಇಲ್ಲ ಎಂಬುದಕ್ಕೆ ಒಂದು ಮನೆ ಇರುತ್ತದೆ. ಯಾರೂ ಏನೂ ತುಂಬದೆ ಬಿಟ್ಟರೆ ಅದರಲ್ಲಿ ತಾನಾಗಿಯೇ "ಇಲ್ಲ" ಬಂದು ಕೂತಿರುತ್ತದೆ. ನಾನು ಆ ಮನೆಗೆ "ಕಡ್ಡಾಯ" ಎಂಬ ಬೋರ್ಡು ಹಾಕಿದ್ದೆ. ಬಾಗಿಲು ಕಾಯುವವನು ಇಣುಕಿ ನೋಡುತ್ತಾನೆ: ಒಳಗೆ "ಇಲ್ಲ" ಕೂತಿದೆ. ಹಾಗಾದರೆ ಯಾರೂ ತುಂಬಿಲ್ಲ. ಬಾಯಿ ಬಿಟ್ಟ ಹೇಳ್ರಿ! ಬ್ಯಾಡ ಅಂದವರೂ ಸುಮ್ಮನೆ ಕೂತವರೂ ಅವನ ಕಣ್ಣಿಗೆ ಒಂದೇ. ಇದಕ್ಕೆ ಮದ್ದು ಏನೆಂದರೆ, ಆ ಮನೆಯ ಹಿಂದೆ ಒಂದು ಸಣ್ಣ ನಕ್ಷತ್ರದ ಚಿಹ್ನೆ, ನಮ್ಮ ಮಾತಿನಲ್ಲಿ ಚಿಕ್ಕಿ, ಹಾಕುವುದು. ಆಗ ತುಂಬದ್ದು ಬೇರೆ, ಬ್ಯಾಡ ಅಂದದ್ದು ಬೇರೆ ಎಂದು ಅವನಿಗೆ ತಿಳಿಯುತ್ತದೆ. ಆಕಾಶದಲ್ಲಿ ಅಷ್ಟೊಂದು ಬಿದ್ದಿವೆ. ನನ್ನ ಕೋಡಿನಲ್ಲಿ ಒಂದೂ ಇರಲಿಲ್ಲ!

ನನ್ನ ಮರುಬಳಕೆಯ ಕನಸಂತೂ ನನಸಾಗಿತ್ತು. ಒಂದೇ ತಪ್ಪು ಮೂರು ತಾಲೂಕಿನಲ್ಲಿ ದುಡಿಯುತ್ತಿತ್ತು.

ನಕ್ಷತ್ರ ಹಾಕಿದೆ. "ಚಿಗವ್ವಾ, ಕೀಲಿ ಇನ್ನೊಂದ ದಿನ ಇರಲಿ" ಎಂದು ಕೇಳಿಕೊಂಡೆ. ಮರುದಿನ ಒಂದು ಕಟ್ಟು ರೊಟ್ಟಿ ಹಿಡಿದು ಗಜೇಂದ್ರಗಡದ ಬಸ್ಸು ಹತ್ತಿದೆ. ಹಿಂಡಿಯ ವಾಸನೆಯೂ ತಾಗಬಾರದೆಂದು ಕೈಯನ್ನು ಸೋಪಿನಿಂದ ತೊಳೆದಿದ್ದೆ. ಹೋದ ಮನೆಯಲ್ಲಿ ಬೈಗುಳವೇ ಊಟ ಎಂದು ಗೊತ್ತಿದ್ದರಿಂದ, ಇಳಿದವನೇ ಸ್ಟ್ಯಾಂಡಿನಲ್ಲಿ ಗಿರಮಿಟ್ಟು, ಮಿರ್ಚಿ ಭಜಿ ತಿಂದು ಹೊಟ್ಟೆ ಗಟ್ಟಿ ಮಾಡಿಕೊಂಡೆ.

ಗಂಗಾಬಾಯಿಯವರ ಮನೆಯ ಕಟ್ಟೆಯ ಮೇಲೆ ಒಬ್ಬ ಹಿರಿಯರು ಕೂತಿದ್ದರು. "ಯಾರು?" ಎಂದರು. ಹೆಸರು ಹೇಳಿದೆ. "ಯಾವೂರು?" ರೋಣ. "ರೋಣದಾಗ ಯಾರ ಪೈಕಿ?" ಹೇಳಿದೆ. "ಅಂದ್ರ ಯಾರ ಮಗ?" ಹೇಳಿದೆ. "ಲಗ್ನ ಆಗೈತಿ?" ಇಲ್ರಿ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. "ಯಾಕ?" ಎಂದರು. ಆ ಅಂಕಣವನ್ನು ನಾನು ಖಾಲಿ ಬಿಟ್ಟೆ. ಹಾಗಾಗಿ ಮತ್ತೆ "ಯಾರು?" ಇಂದ ಶುರುವಾಯಿತು. ಬಸಮ್ಮನ ಬಗ್ಗೆ ಚಿಗವ್ವ ಹೇಳಿದ ಮಾತು ನೆನಪಾಯಿತು. ನಾನು ಬರೆದದ್ದನ್ನು ನಮ್ಮ ನಾಡಿನ ಪ್ರತಿ ಕಟ್ಟೆಯ ಮೇಲೂ ಎಷ್ಟೋ ತಲೆಮಾರಿನ ಹಿಂದೆಯೇ ಕೂಡಿಸಿ ಹೋಗಿದ್ದಾರೆ.

ಕೊನೆಗೆ ಒಳಗೆ ಬಿಟ್ಟರು. ಗಂಗಾಬಾಯಿ ಜೋಕಾಲಿಯ ಮೇಲೆ ಕೂತಿದ್ದರು. ಸಣ್ಣ ಆಳು, ದೊಡ್ಡ ಕುಂಕುಮ. ನಾನು ರೊಟ್ಟಿಯ ಕಟ್ಟು ಮುಂದಿಟ್ಟು ನಮಸ್ಕಾರ ಮಾಡಿದೆ.

"ತಪ್ಪ ಮಷೀನಿಂದ್ರಿ ಅಮ್ಮಾರ. ಮಷೀನ್ ಮಾಡಿದಾಂವ ನಾನು. ನಮ್ಮ ಚಿಗವ್ವಂದು ಏನೂ ತಪ್ಪಿಲ್ರಿ."

"ಮಷೀನಿಂದ ಹೋಗಲಿ. ಫೋನಿನ್ಯಾಗ ‘ಒಂಚೂರಿಗೆ ಏನ ಆಗತೈತಿ’ ಅಂದಾಕಿ ನಿಮ್ಮ ಚಿಗವ್ವ ಅಲ್ಲೇನು?"

"ಆಕಿ... ನಾನಽ ರಿ."

ಜೋಕಾಲಿ ನಿಂತಿತು. "ಏನಂದಿ?"

"ನಾ ದನಿ ತಗೀತೀನ್ರಿ. ಚಟ ಐತಿ."

"ತಗಿ ನೋಡೋಣು."

ಚಿಗವ್ವನ ದನಿ ತೆಗೆದೆ. ಅವರು ನಗಲಿಲ್ಲ. "ಈಗ ನಂದು ತಗಿ," ಎಂದರು.

ಬೇರೆ ದಾರಿ ಇರಲಿಲ್ಲ. ಕಣ್ಣು ಮುಚ್ಚಿ, "ಹಲ್ಲಿನ ಡಾಕ್ಟರ್ ಸುದ್ದಾ ಇಷ್ಟ ಸಲ ಅಂದಿಲ್ಲ" ಎಂದು ಅವರದೇ ದನಿಯಲ್ಲಿ ಹೇಳಿದೆ. ಒಳಮನೆಯಲ್ಲಿ ಸೊಸೆಯಂದಿರು ಕಿಸಕ್ಕನೆ ನಕ್ಕ ಸದ್ದು ಬಂತು. ಗಂಗಾಬಾಯಿ ಆ ಕಡೆ ಒಮ್ಮೆ ನೋಡಿದರು. ನಗು ಪಾತ್ರೆಯ ಸದ್ದಾಯಿತು.

"ಊಟಕ್ಕ ಏಳು," ಎಂದರು.

"ಬ್ಯಾಡ್ರಿ ಅಮ್ಮಾರ, ಗಿರಮಿಟ್ ತಿಂದ ಬಂದೀನಿ."

"ಏನಂದಿ? ಕೇಳಸಲಿಲ್ಲ."

ತಾಟು ಬಂತು. ಹೋಳಿಗೆ ಬಂತು. ಹೋಳಿಗೆ ಕಾಣದಂತೆ ತುಪ್ಪ ಬಂತು. ತಿಂದೆ. ಮತ್ತೊಂದು ಬಂತು. "ಸಾಕ್ರಿ" ಎಂದೆ. ಬಿತ್ತು. ಗೋದಿ, ಬೆಲ್ಲದ ಮಾದಲಿ ಬಂತು, ಅದರ ಮೇಲೆ ಹಾಲು. "ಖರೇನಽ ಬ್ಯಾಡ್ರಿ" ಎಂದೆ. ಖರೆ ಎಂಬ ಮಾತಿಗೆ ಅವರು ಇನ್ನೊಂದು ಸೌಟು ಹೆಚ್ಚು ಹಾಕಿದರು. ಒಳಗಿದ್ದ ಮಿರ್ಚಿ ಭಜಿಗಳು ಜಾಗ ಮಾಡಿಕೊಡಲು ಒಪ್ಪಲಿಲ್ಲ. ನಾನು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು, ಮಾತು ಹೊರಡದೆ ತಲೆಯಾಡಿಸಿದೆ.

ಗಂಗಾಬಾಯಿ ಹೋಳಿಗೆ ಹಿಡಿದು ಬಗ್ಗಿದರು. "ಕೇಳಿದ್ರ ಸುಮ್ಮನ ಕೂತೀಯಲ್ಲ! ಬಾಯಾಗ ಕಡಬ ಇಟಗೊಂಡೀಯೇನು? ಬಾಯಿ ಬಿಟ್ಟ ಹೇಳು!"

ಮಷೀನಿನ ಮಾತನ್ನು ಬಾಯಿಪಾಠ ಮಾಡಿದ್ದರು. ಬ್ಯಾಡ ಎನ್ನಲು ನಾನು ಬಾಯಿ ಬಿಟ್ಟೆ. ಹೋಳಿಗೆ ಒಳಗೆ ಹೋಯಿತು!

ನಾನು ಗೋಡೆಗೆ ಒರಗಿ ಉಸಿರು ಹುಡುಕುತ್ತಿರುವಾಗ ಅವರು ನಾನು ತಂದ ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಕಟಂ ಎಂದಿತು. ಬಹಳ ಹೊತ್ತು ಅಗಿದರು. ಅಷ್ಟು ಹೊತ್ತು ನನಗೆ ಕಾಣುತ್ತಿದ್ದದ್ದು ಚಿಗವ್ವನ ಕೈಯಲ್ಲಿದ್ದ ಕೀಲಿ.

"ಬ್ಯಾರೆ ಕಡೆ ಇನ್ನೂ ಹೇಳಿಲ್ಲ," ಎಂದರು. "ರೊಟ್ಟಿ ನೀಲವ್ವಾರದಽ ಇರಲಿ. ಹಿಂಡಿ ಬ್ಯಾಡ. ಈಗರ ನಿನ್ನ ಮಷೀನಿಗೆ ಕೇಳಸತೈತೇನು?"

ಕನ್ನಡಕ ಹಾಕಿಕೊಂಡು, ಫೋನು ತೆಗೆದು, ನನ್ನ ಮುಂದೆಯೇ ಎಲ್ಲ ತುಂಬಿ "ಬ್ಯಾಡ" ಒತ್ತಿದರು. "ಆತ್ರಿ ಅಮ್ಮಾರ, ರೊಟ್ಟಿ ಬರತಾವ" ಎಂದು ಉತ್ತರ ಬಂತು. ಅವರು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಬೈಲೇ ಇಲ್ಲಲ್ಲೋ?" ಎಂದರು. ಮುಖದಲ್ಲಿ ನಿರಾಸೆ ಇತ್ತು.

ಸಾವಿರ ರೊಟ್ಟಿ ಗಜೇಂದ್ರಗಡಕ್ಕೆ ಹೋದವು. ಕೀಲಿ ತಿರುಗಿ ಹೋಗಲಿಲ್ಲ. ಹೆಣ್ಣುಮಕ್ಕಳು ಶೆಡ್ಡಿಗೆ ಬಂದು, ಹಿಂದೆ ಆಡಿದ್ದ ಜಗಳವನ್ನು ಬಿಟ್ಟ ಜಾಗದಿಂದ ಮುಂದುವರಿಸಿ, ಕೂತರು. ಈರಣ್ಣನ ಮೈಕು ಬೇಡಿದವರ ಮನೆಗೆ ಮಾತ್ರ ಹೋಗತೊಡಗಿತು. ಎಲ್ಲವೂ ಸರಿಯಾಯಿತು ಎಂದು ನಾನು ತಿಳಿದೆ.

ಆಮೇಲೆ ಚಿಗವ್ವ ಕರೆದಳು. "ಶರಣು, ಈಗೀಗ ಯಾರೂ ಹಿಂಡಿ ಒಯ್ಯವಲ್ರಲ್ಲ. ಏನ ಮಾಡೀದಿ?"

"ತಪ್ಪ ತಿದ್ದೇನಿ ಬೇ. ಒಂದ ಚಿಕ್ಕಿ ಹಾಕೇನಿ. ಈಗ ಬ್ಯಾಡ ಅಂದವರದು ಬ್ಯಾಡ ಅಂತ ತಿಳಿತೈತಿ."

"ತಗಿ ಆ ಚಿಕ್ಕಿ!"

"ಬೇ, ಅದು ತಪ್ಪ ಆಗತೈತಿ."

"ತಪ್ಪಿದ್ದಾಗ ಹಿಂಡಿ ಹೊಕ್ಕಿತ್ತಲ್ಲೋ! ಸುಡಗಾಡ ಚಿಕ್ಕಿ. ಬ್ಯಾಡ ಅಂದ ಕೂಡಲೇ ಬಿಡೂದಂದ್ರ ಮಂದಿ ಏನ ತಿಳಕೋಬೇಕು? ನೀಲವ್ವಗ ಸೊಕ್ಕ ಬಂದೈತಿ ಅಂತಾರ."

ಕೊನೆಗೆ ರಾಜಿಯಾಯಿತು. ಯಾರಾದರೂ "ಬ್ಯಾಡ" ಒತ್ತಿದರೆ ಮಷೀನು ಈಗ "ಖರೇನಽ ಬ್ಯಾಡೇನ್ರಿ? ಒಂಚೂರು?" ಎಂದು ಒಮ್ಮೆ ಕೇಳುತ್ತದೆ. ಆಮೇಲೂ ಬ್ಯಾಡ ಅಂದರೆ ಬಿಡುತ್ತದೆ. ಬಹಳ ಮಂದಿ ಒಂದೇ ಮಾತಿಗೆ ಒಪ್ಪಿಕೊಳ್ಳುತ್ತಾರೆ; ಕೇಳಲಿ ಎಂದೇ ಕಾಯುತ್ತಿದ್ದರೇನೋ. ಇಡೀ ಮಿಡ್ಲ್‌ವೇರಿನಲ್ಲಿ ಊರು ಮೆಚ್ಚಿದ್ದು ಈ ಒಂದು ಸಾಲನ್ನು. ಅದರಲ್ಲಿ ಕೋಡು ಏನೂ ಇಲ್ಲ. ಬರೀ ದನಿ.

ಹಿಂಡಿಯ ಬೇಡಿಕೆ ಮತ್ತೆ ಏರಿತು. ಒರಳನ್ನೂ ಶೆಡ್ಡಿಗೆ ತಂದು ಹೂಳಿದರು. ರತ್ನಕ್ಕ ರಟ್ಟೆ ನೋವೆಂದು ಒನಕೆಯನ್ನು ನನ್ನ ಕಡೆ ಚಾಚಿದಳು. ನಾನು "ಬ್ಯಾಡಕ್ಕಾ" ಎಂದೆ. ಬಾಯಿ ಬಿಟ್ಟು, ಸ್ಪಷ್ಟವಾಗಿ, ನನ್ನದೇ ದನಿಯಲ್ಲಿ ಹೇಳಿದೆ.

ಯಾರಿಗೂ ಕೇಳಿಸಲಿಲ್ಲ. ಕುಟ್ಟುತ್ತಿದ್ದೇನೆ.